ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ: ಓದಿಗೆ ನೆರವು ಎಲ್ಲಿದೆ, ಅದನ್ನು ಯಾವಾಗ ಕೇಳಬೇಕು

ಅಮೆರಿಕದ ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷಕ್ಕೆ ಸೇರುವ ವಿದ್ಯಾರ್ಥಿಗಳಿಗೆ ಓದಿನಲ್ಲಿ ಕೈಹಿಡಿಯುವ ಏರ್ಪಾಡುಗಳಿಗೆ ಕೊರತೆಯಿಲ್ಲ. ಶೈಕ್ಷಣಿಕ ಸಲಹೆಗಾರರು, ಟ್ಯೂಟರಿಂಗ್ ಕೇಂದ್ರ, ಬರವಣಿಗೆ ಕೇಂದ್ರ, ಅಂಗವಿಕಲ ವಿದ್ಯಾರ್ಥಿಗಳ ಸೇವಾ ಕಚೇರಿ, ಆಪ್ತಸಮಾಲೋಚಕರು ಮತ್ತು ಚಾಪ್ಲಿನ್ (ಕ್ಯಾಂಪಸ್ಸಿನ ಧರ್ಮಗುರು) ಇವರೆಲ್ಲರೂ ಒಂದೇ ಕ್ಯಾಂಪಸ್ಸಿನಲ್ಲಿ ಸಿಗುತ್ತಾರೆ. ಈ ಸೇವೆಗಳಲ್ಲಿ ಹೆಚ್ಚಿನವಕ್ಕೆ ಬೇರೆಯಾಗಿ ಹಣ ಕೊಡಬೇಕಾಗಿಯೂ ಇಲ್ಲ. ಆದರೆ ಈ ಏರ್ಪಾಡುಗಳಲ್ಲಿ ಬಹುಪಾಲು ವಿದ್ಯಾರ್ಥಿ ತಾನಾಗಿ ಹೋಗಿ ಕೇಳಿದಾಗ ಮಾತ್ರ ಕೆಲಸ ಮಾಡುತ್ತವೆ, ಮತ್ತು ಸೆಮಿಸ್ಟರ್‌ನ ಮೊದಲ ಐದಾರು ವಾರಗಳಲ್ಲಿ ಕೇಳಿದರೆ ಆಗುವ ಪ್ರಯೋಜನದ ಅರ್ಧದಷ್ಟೂ ಹನ್ನೆರಡನೆಯ ವಾರದಲ್ಲಿ ಕೇಳಿದರೆ ಆಗುವುದಿಲ್ಲ. ಆದ್ದರಿಂದ ಯಾವ ವಾರದಲ್ಲಿ ಯಾರ ಬಳಿಗೆ, ಕೈಯಲ್ಲಿ ಏನನ್ನು ಹಿಡಿದು ಹೋಗಬೇಕು ಎಂಬುದನ್ನು ಸೆಮಿಸ್ಟರ್ ಸಾಗುವ ಕ್ರಮದಲ್ಲಿಯೇ ಇಲ್ಲಿ ವಿವರಿಸಿದ್ದೇನೆ.

ಮೊದಲ ವಾರ: ಸಿಲಬಸ್ ಮತ್ತು ವೇಳಾಪಟ್ಟಿ

ಪ್ರತಿಯೊಬ್ಬ ಪ್ರಾಧ್ಯಾಪಕರೂ ಮೊದಲ ತರಗತಿಯಲ್ಲಿ ಕೊಡುವ ಸಿಲಬಸ್‌ನಲ್ಲಿ ಪಾಠಗಳ ಪಟ್ಟಿಯ ಜೊತೆಗೆ ಅಂಕಗಳ ಹಂಚಿಕೆ, ಹಾಜರಾತಿಯ ನಿಯಮ, ತಡವಾಗಿ ಒಪ್ಪಿಸಿದ ಕೆಲಸಕ್ಕೆ ಕಡಿತವಾಗುವ ಅಂಕ, ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಎಷ್ಟರ ಮಟ್ಟಿಗೆ ಬಳಸಬಹುದು ಎಂಬ ಸೂಚನೆ ಮತ್ತು ಅವರನ್ನು ಭೇಟಿಯಾಗುವ ಸಮಯ ಎಲ್ಲವೂ ಸಾಮಾನ್ಯವಾಗಿ ಇರುತ್ತವೆ. ಐದೂ ಕೋರ್ಸ್‌ಗಳ ಸಿಲಬಸ್‌ಗಳನ್ನು ಎದುರಿಗಿಟ್ಟುಕೊಂಡು, ಪರೀಕ್ಷೆ ಹಾಗೂ ಪ್ರಬಂಧಗಳ ಎಲ್ಲ ದಿನಾಂಕಗಳನ್ನು ಒಂದೇ ಹಾಳೆಯ ಮೇಲೆ ವಾರವಾರಕ್ಕೆ ಬರೆದುಕೊಳ್ಳಿ. ಹಾಗೆ ಬರೆದಾಗ ಯಾವ ವಾರದಲ್ಲಿ ಮೂರು ಕೆಲಸಗಳು ಒಟ್ಟಿಗೆ ಬಂದು ಬೀಳುತ್ತವೆ ಎಂಬುದು ಮೊದಲೇ ಕಾಣಿಸುತ್ತದೆ. ಬಿಡಿಬಿಡಿಯಾಗಿ ಓದಿದರೆ ಅದು ಎಂದಿಗೂ ಕಾಣಿಸುವುದಿಲ್ಲ.

ಸಮಯದ ಲೆಕ್ಕವನ್ನೂ ಆಗಲೇ ಮಾಡಿಕೊಳ್ಳಬೇಕು. ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ನಿಯಮದ ಪ್ರಕಾರ ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ಗಂಟೆಯ ತರಗತಿ ಮತ್ತು ತರಗತಿಯ ಹೊರಗೆ ಕನಿಷ್ಠ ಎರಡು ಗಂಟೆಗಳ ಓದು. ಅಂದರೆ 15 ಕ್ರೆಡಿಟ್ ತೆಗೆದುಕೊಂಡವರಿಗೆ 15 ಗಂಟೆ ಪಾಠ, 30 ಗಂಟೆ ಸ್ವಂತ ಓದು, ಒಟ್ಟು ವಾರಕ್ಕೆ 45 ಗಂಟೆಗಳ ಕೆಲಸವಿದೆ. ಶಾಲೆಯಲ್ಲಿ ಪಾಠದ ಹೊತ್ತೇ ಓದಿನ ಬಹುಭಾಗವಾಗಿದ್ದವರಿಗೆ ಈ ಅನುಪಾತ ತಲೆಕೆಳಗಾದಂತೆ ತೋರುತ್ತದೆ, ಮತ್ತು ಮಧ್ಯಾಹ್ನ ಎರಡು ಗಂಟೆಗೇ ತರಗತಿ ಮುಗಿಯುವ ದಿನಗಳನ್ನು ಬಿಡುವಿನ ದಿನಗಳೆಂದು ತಿಳಿಯುವ ತಪ್ಪು ಇಲ್ಲಿಂದಲೇ ಶುರುವಾಗುತ್ತದೆ.

ಕ್ರೈಸ್ತ ವಿಶ್ವವಿದ್ಯಾಲಯದ ವೇಳಾಪಟ್ಟಿಗೆ ಇನ್ನೆರಡು ಸಂಗತಿಗಳು ಸೇರುತ್ತವೆ. ಮೊದಲನೆಯದು ಚಾಪೆಲ್, ಅಂದರೆ ಕ್ಯಾಂಪಸ್ಸಿನ ಸಾಮೂಹಿಕ ಆರಾಧನೆ. ಕೆಲವು ಕಡೆ ಅದು ಐಚ್ಛಿಕ. ಕೆಲವು ಕಡೆ ಪದವಿಗೆ ಬೇಕಾದ ಷರತ್ತು. ಟೆಕ್ಸಸ್‌ನ ವೇಕೋದಲ್ಲಿರುವ, 1845ರಲ್ಲಿ ಬ್ಯಾಪ್ಟಿಸ್ಟ್ ಪಂಗಡದವರು ಸ್ಥಾಪಿಸಿದ ಬೇಲರ್ ವಿಶ್ವವಿದ್ಯಾಲಯದಲ್ಲಿ ಚಾಪೆಲ್ ಪದವಿಯ ಅಗತ್ಯಗಳಲ್ಲಿ ಒಂದು. ಹಾಜರಾತಿಯ ಲೆಕ್ಕವಿರುವ ಕಡೆ ಅದನ್ನು ತರಗತಿಯಂತೆಯೇ ವೇಳಾಪಟ್ಟಿಯಲ್ಲಿ ಬರೆದುಕೊಳ್ಳಿ. ಎರಡನೆಯದು ವಿಶ್ರಾಂತಿಯ ದಿನ. ಮಿಷಿಗನ್‌ನ ಆ್ಯಂಡ್ರೂಸ್ ವಿಶ್ವವಿದ್ಯಾಲಯದಂಥ ಅಡ್ವೆಂಟಿಸ್ಟ್ ಪಂಗಡದ ಸಂಸ್ಥೆಗಳಲ್ಲಿ ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ಸೂರ್ಯಾಸ್ತದವರೆಗೆ ಸಬ್ಬತ್ ಆಚರಣೆಯಿದ್ದು, ಪಾಠಪ್ರವಚನಗಳು ನಿಲ್ಲುತ್ತವೆ. ಸೋಮವಾರ ಪರೀಕ್ಷೆಯಿದ್ದರೆ ಶನಿವಾರವಿಡೀ ಗ್ರಂಥಾಲಯದಲ್ಲಿ ಕೂರುತ್ತೇನೆ ಎಂಬ ಯೋಜನೆ ಅಲ್ಲಿ ನಡೆಯುವುದಿಲ್ಲ. ನೀವು ಸೇರಿದ ಸಂಸ್ಥೆಯಲ್ಲಿ ಭಾನುವಾರ ಯಾವ ಸೇವೆ ತೆರೆದಿರುತ್ತದೆ ಎಂಬುದನ್ನು ಮೊದಲ ವಾರವೇ ಕೇಳಿ ತಿಳಿದುಕೊಳ್ಳಿ.

ಎರಡನೆಯ ವಾರ: ಸಲಹೆಗಾರರ ಭೇಟಿ

ಪ್ರತಿ ವಿದ್ಯಾರ್ಥಿಗೂ ಒಬ್ಬ ಶೈಕ್ಷಣಿಕ ಸಲಹೆಗಾರರನ್ನು ಗೊತ್ತುಮಾಡಿರುತ್ತಾರೆ. ಕೋರ್ಸ್ ನೋಂದಣಿಯ ಅನುಮತಿಗಾಗಿ ಮಾತ್ರ ಅವರ ಬಳಿಗೆ ಹೋಗುವುದು ರೂಢಿ, ಆದರೆ ಅದು ಅವರ ಕೆಲಸದ ತೀರಾ ಚಿಕ್ಕ ಭಾಗ. ಎರಡನೆಯ ವಾರದಲ್ಲಿ ಹೋಗಲು ಒಂದು ಬಲವಾದ ಕಾರಣವಿದೆ: ಕೋರ್ಸ್ ಸೇರಿಸುವ ಮತ್ತು ಬಿಡುವ ಗಡುವು ಆ ಸುಮಾರಿಗೆ ಬರುತ್ತದೆ, ಮತ್ತು ಆ ಗಡುವಿನೊಳಗೆ ಬಿಟ್ಟ ಕೋರ್ಸ್ ಸಾಮಾನ್ಯವಾಗಿ ಅಂಕಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅವರಿಗೆ ಈ ಮೂರು ಪ್ರಶ್ನೆಗಳನ್ನು ಕೇಳಿ: ನನ್ನ ಪದವಿಗೆ ಈ ಐದು ಕೋರ್ಸ್‌ಗಳಲ್ಲಿ ಯಾವುದು ಮುಂದಿನ ಕೋರ್ಸ್‌ಗಳಿಗೆ ಬಾಗಿಲು ತೆರೆಯುತ್ತದೆ, ಯಾವುದನ್ನು ಮುಂದಿನ ವರ್ಷಕ್ಕೆ ಹಾಕಬಹುದು, ಮತ್ತು ನನ್ನ ವಿದ್ಯಾರ್ಥಿವೇತನ ಉಳಿಯಬೇಕಾದರೆ ಎಷ್ಟು ಕ್ರೆಡಿಟ್, ಎಷ್ಟು ಜಿಪಿಎ (4ರ ಅಳತೆಯಲ್ಲಿ ಶ್ರೇಣಿಗಳ ಸರಾಸರಿ) ಬೇಕು.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಪದವಿ ಹಂತದಲ್ಲಿ ಅವರು ಸೆಮಿಸ್ಟರ್‌ಗೆ ಕನಿಷ್ಠ 12 ಕ್ರೆಡಿಟ್ ಓದಬೇಕು. ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಲ್ಲಿರುವ ಅಧಿಕೃತ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಅದಕ್ಕಿಂತ ಕೆಳಗೆ ಇಳಿದರೆ ವೀಸಾ ಸ್ಥಿತಿಗೇ ಧಕ್ಕೆಯಾಗುತ್ತದೆ. ಸಲಹೆಗಾರರು ಒಪ್ಪಿದರು ಎಂಬ ಕಾರಣಕ್ಕೆ ಕೋರ್ಸ್ ಬಿಡಬಾರದು. ಈ ಕಚೇರಿಯೂ ಒಪ್ಪಬೇಕು.

ಮೂರನೆಯ ವಾರದಿಂದ: ಪ್ರಾಧ್ಯಾಪಕರ ಕೊಠಡಿ

ಆಫೀಸ್ ಅವರ್ಸ್ ಎಂದು ಸಿಲಬಸ್‌ನಲ್ಲಿ ಬರೆದಿರುವ ಹೊತ್ತು ವಿದ್ಯಾರ್ಥಿಗಳಿಗಾಗಿಯೇ ಮೀಸಲಿಟ್ಟದ್ದು. ಆ ಹೊತ್ತಿನಲ್ಲಿ ಬಾಗಿಲು ತಟ್ಟಿದರೆ ಪ್ರಾಧ್ಯಾಪಕರ ಕೆಲಸಕ್ಕೆ ಅಡ್ಡಿಯಾಗುತ್ತದೆ ಎಂಬ ಸಂಕೋಚ ಬೇಡ. ಗುರುಗಳೆದುರು ತಿಳಿಯಲಿಲ್ಲ ಎಂದು ಹೇಳಲು ಹಿಂಜರಿಯುವುದು ನಮ್ಮಲ್ಲಿ ಅನೇಕರಿಗೆ ಬೆಳೆದು ಬಂದ ಅಭ್ಯಾಸ. ಅದರ ಹಿಂದೆ ಗೌರವವೇ ಇದೆ. ಆದರೆ ಅಲ್ಲಿನ ಪ್ರಾಧ್ಯಾಪಕರು ಪ್ರಶ್ನೆ ಕೇಳದ ವಿದ್ಯಾರ್ಥಿಗೆ ಎಲ್ಲವೂ ತಿಳಿದಿದೆ ಎಂದೇ ಭಾವಿಸಿ ಮುಂದೆ ಹೋಗುತ್ತಾರೆ. ಕ್ರೈಸ್ತ ವಿಶ್ವವಿದ್ಯಾಲಯಗಳಲ್ಲಿ ಅನೇಕವು ಗಾತ್ರದಲ್ಲಿ ಚಿಕ್ಕವು, ಮತ್ತು ವಿದ್ಯಾರ್ಥಿಯನ್ನು ಹತ್ತಿರದಿಂದ ಬಲ್ಲ ಅಧ್ಯಾಪಕರಿರುವುದನ್ನು ಅವು ತಮ್ಮ ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತವೆ. ಆ ಮಾತನ್ನು ನಂಬಿ ಹೋಗಿ.

ಭೇಟಿಗೆ ಮುಂಚೆ ಒಂದು ಚಿಕ್ಕ ಇಮೇಲ್ ಬರೆದರೆ ಒಳ್ಳೆಯದು. ಉದಾಹರಣೆಗೆ: ‘ಪ್ರೊಫೆಸರ್ ಅವರೇ, ನಾನು ಮಂಗಳವಾರ ಬೆಳಗಿನ ಕ್ಯಾಲ್ಕುಲಸ್ ತರಗತಿಯಲ್ಲಿದ್ದೇನೆ. ಮೂರನೆಯ ಅಧ್ಯಾಯದ ಏಳನೆಯ ಲೆಕ್ಕದಲ್ಲಿ ಎರಡು ಹಂತಗಳನ್ನು ಬಿಡಿಸಿದ್ದೇನೆ; ಮುಂದಿನ ಹಂತದಲ್ಲಿ ಚಿಹ್ನೆ ಏಕೆ ಬದಲಾಗುತ್ತದೆ ಎಂದು ತಿಳಿಯುತ್ತಿಲ್ಲ. ನಾನು ಮಾಡಿದ್ದನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಗುರುವಾರದ ನಿಮ್ಮ ಆಫೀಸ್ ಅವರ್ಸ್‌ಗೆ ಬರಬಹುದೇ?’ ಯಾವ ತರಗತಿ, ಯಾವ ಲೆಕ್ಕ, ಎಲ್ಲಿಯವರೆಗೆ ಬಂದಿದ್ದೀರಿ, ಎಲ್ಲಿ ನಿಂತಿದ್ದೀರಿ ಎಂಬುದೆಲ್ಲ ಇದರಲ್ಲಿದೆ. ‘ನನಗೆ ಪಾಠ ಅರ್ಥವಾಗುತ್ತಿಲ್ಲ’ ಎಂದಷ್ಟೇ ಬರೆದರೆ ಅವರು ಇಡೀ ಪಾಠವನ್ನು ಮತ್ತೆ ಹೇಳಬಲ್ಲರೇ ಹೊರತು ನಿಮ್ಮ ತೊಡಕನ್ನು ಬಿಡಿಸಲಾರರು.

ಟ್ಯೂಟರಿಂಗ್ ಮತ್ತು ಪೂರಕ ತರಗತಿಗಳು

ಟ್ಯೂಟರಿಂಗ್ ಕೇಂದ್ರದಲ್ಲಿ ಅದೇ ಕೋರ್ಸ್‌ನಲ್ಲಿ ಒಳ್ಳೆಯ ಶ್ರೇಣಿ ಪಡೆದ ಹಿರಿಯ ವಿದ್ಯಾರ್ಥಿಗಳು ಒಬ್ಬೊಬ್ಬರೊಂದಿಗೆ ಕುಳಿತು ಹೇಳಿಕೊಡುತ್ತಾರೆ. ಇದಕ್ಕಿಂತ ಭಿನ್ನವಾದ, ನನ್ನ ಅಭಿಪ್ರಾಯದಲ್ಲಿ ಮೊದಲ ವರ್ಷದವರಿಗೆ ಇನ್ನೂ ಹೆಚ್ಚು ಉಪಯುಕ್ತವಾದ ಇನ್ನೊಂದು ಕ್ರಮವಿದೆ. ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್ ಎಂಬ ಈ ಪದ್ಧತಿಯನ್ನು 1973ರಲ್ಲಿ ಮಿಸೂರಿ ವಿಶ್ವವಿದ್ಯಾಲಯದ ಕ್ಯಾನ್ಸಸ್ ಸಿಟಿ ಕ್ಯಾಂಪಸ್ಸಿನಲ್ಲಿ ಡಿಯಾನಾ ಮಾರ್ಟಿನ್ ಅವರು ರೂಪಿಸಿದರು, ಮತ್ತು ಈಗ ಅದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ದುರ್ಬಲ ವಿದ್ಯಾರ್ಥಿಗಳನ್ನು ಬೇರ್ಪಡಿಸುವ ಬದಲು ಕಠಿಣವಾದ ಕೋರ್ಸ್‌ಗಳನ್ನು ಗುರುತಿಸಿ, ಆ ಕೋರ್ಸ್‌ಗೆ ಸೇರಿದ ಎಲ್ಲರಿಗೂ ವಾರವಾರವೂ ಸಾಮೂಹಿಕ ಅಭ್ಯಾಸದ ತರಗತಿ ನಡೆಸುವುದು ಅದರ ತಿರುಳು. ಆದ್ದರಿಂದ ಅಲ್ಲಿಗೆ ಹೋಗುವುದರಿಂದ ಯಾರ ಮೇಲೂ ದಡ್ಡರೆಂಬ ಹಣೆಪಟ್ಟಿ ಬೀಳುವುದಿಲ್ಲ. ಎ ಶ್ರೇಣಿಯವರೂ ಅಲ್ಲಿರುತ್ತಾರೆ. ಆ ತರಗತಿಯನ್ನು ನಡೆಸುವ ವಿದ್ಯಾರ್ಥಿ ನಾಯಕರು ಮೂಲ ತರಗತಿಯಲ್ಲಿಯೂ ಕುಳಿತು ಪಾಠ ಕೇಳಿರುತ್ತಾರೆ. ರಸಾಯನಶಾಸ್ತ್ರ, ಜೀವಶಾಸ್ತ್ರ, ಕ್ಯಾಲ್ಕುಲಸ್, ಲೆಕ್ಕಶಾಸ್ತ್ರದಂಥ ಕೋರ್ಸ್‌ಗಳಿಗೆ ನಿಮ್ಮಲ್ಲಿ ಈ ಸೌಲಭ್ಯವಿದೆಯೇ ಎಂದು ವಿಚಾರಿಸಿ, ಇದ್ದರೆ ಮೊದಲ ಪರೀಕ್ಷೆಗೆ ಮುಂಚೆಯೇ ಸೇರಿಕೊಳ್ಳಿ.

ಸ್ವಂತ ಓದಿನ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಟಿಪ್ಪಣಿಗಳನ್ನು ಮತ್ತೆ ಮತ್ತೆ ಓದುವವರಿಗೆ ವಿಷಯ ಪರಿಚಿತವಾಗುತ್ತದೆ, ಆ ಪರಿಚಯವನ್ನು ಅವರು ತಿಳಿವಳಿಕೆಯೆಂದು ನಂಬುತ್ತಾರೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಬರಹವನ್ನು ಮತ್ತೆ ಓದಿದವರು ಐದು ನಿಮಿಷಗಳ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನಿಮ್ಮ ಪರೀಕ್ಷೆ ಐದು ನಿಮಿಷದಲ್ಲಿ ಬರುವುದಿಲ್ಲ. ಹೀಗಾಗಿ ಟ್ಯೂಟರ್ ಬಳಿಗೆ ಹೋಗುವ ಮುನ್ನ ಬಿಳಿ ಹಾಳೆಯ ಮೇಲೆ ಆ ವಾರದ ಪಾಠವನ್ನು ನೆನಪಿನಿಂದ ಬರೆಯಿರಿ, ಎಲ್ಲಿ ಕೈ ನಿಲ್ಲುತ್ತದೆಯೋ ಅಲ್ಲಿ ಗುರುತು ಹಾಕಿ, ಆ ಹಾಳೆಯನ್ನೇ ತೆಗೆದುಕೊಂಡು ಹೋಗಿ.

ಬೈಬಲ್ ಮತ್ತು ದೈವಶಾಸ್ತ್ರದ ಕೋರ್ಸ್: ಎಲ್ಲರಿಗೂ ಹೊಸದು

ಕ್ರೈಸ್ತ ವಿಶ್ವವಿದ್ಯಾಲಯಕ್ಕೇ ವಿಶಿಷ್ಟವಾದ ತೊಡಕು ಇಲ್ಲಿದೆ, ಮತ್ತು ಸಾಮಾನ್ಯ ಮಾರ್ಗದರ್ಶಿಗಳು ಇದನ್ನು ಬಿಟ್ಟುಬಿಡುತ್ತವೆ. ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯ ಕ್ಯಾಥೊಲಿಕ್ ಸಂಸ್ಥೆ. ಅಲ್ಲಿ ಯಾವ ವಿಷಯದ ಪದವಿ ಓದುವವರೂ ದೈವಶಾಸ್ತ್ರದ ಕೋರ್ಸ್‌ಗಳನ್ನು ಓದಲೇಬೇಕು. ಬೇಲರ್‌ನಲ್ಲಿ ಕ್ರೈಸ್ತ ಧರ್ಮಗ್ರಂಥ ಮತ್ತು ಕ್ರೈಸ್ತ ಪರಂಪರೆಯ ಕೋರ್ಸ್‌ಗಳಿವೆ. ಈ ಕೋರ್ಸ್ ಇಬ್ಬರನ್ನು ಬೇರೆ ಬೇರೆ ಕಾರಣಗಳಿಗೆ ಎಡವಿಸುತ್ತದೆ. ಚಿಕ್ಕಂದಿನಿಂದ ಸಂಡೇ ಸ್ಕೂಲಿಗೆ ಹೋದವರು ತಮಗೆ ಇದು ಗೊತ್ತಿರುವ ವಿಷಯವೆಂದು ಓದುವುದಿಲ್ಲ. ಹಿಂದೂ, ಮುಸ್ಲಿಂ, ಜೈನ ಮನೆಗಳಿಂದ ಅಥವಾ ಯಾವ ಧರ್ಮವನ್ನೂ ಆಚರಿಸದ ಮನೆಗಳಿಂದ ಬಂದವರು ತಮಗೆ ಇದು ದಕ್ಕದ ವಿಷಯವೆಂದು ಮೊದಲೇ ಕೈಚೆಲ್ಲುತ್ತಾರೆ. ಎರಡೂ ಎಣಿಕೆಗಳು ತಪ್ಪು, ಏಕೆಂದರೆ ಅಲ್ಲಿ ಅಂಕ ಸಿಗುವುದು ಪಠ್ಯವನ್ನು ಎಷ್ಟು ಎಚ್ಚರದಿಂದ ಓದಿ ವಾದ ಕಟ್ಟಿದ್ದೀರಿ ಎಂಬುದಕ್ಕೆ.

ಒಂದು ಉದಾಹರಣೆಯನ್ನು ನೋಡೋಣ. ಬೈಬಲ್‌ನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಹೋಲಿಸಿ ಮೂರು ಪುಟ ಬರೆಯಿರಿ ಎಂಬುದು ಇಂಥ ಕೋರ್ಸ್‌ಗಳಲ್ಲಿ ಕೇಳಬಹುದಾದ ಪ್ರಶ್ನೆ. ‘ದೇವರು ಎಲ್ಲವನ್ನೂ ಪ್ರೀತಿಯಿಂದ ಸೃಷ್ಟಿಸಿದನು, ಇದು ನನಗೆ ಕೃತಜ್ಞತೆಯನ್ನು ಕಲಿಸುತ್ತದೆ’ ಎಂದು ಬರೆಯುವುದು ಪ್ರಾಮಾಣಿಕವಾದ ಭಕ್ತಿಯ ಮಾತು, ಆದರೆ ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಮೊದಲ ಅಧ್ಯಾಯದಲ್ಲಿ ಸಸ್ಯಗಳು, ಪ್ರಾಣಿಗಳು, ಕೊನೆಗೆ ಗಂಡು ಹೆಣ್ಣಾಗಿ ಮನುಷ್ಯರು ಬರುತ್ತಾರೆ; ಎರಡನೆಯದರಲ್ಲಿ ಮೊದಲು ಮನುಷ್ಯ, ನಂತರ ತೋಟ, ಆಮೇಲೆ ಪ್ರಾಣಿಗಳು, ಕೊನೆಗೆ ಸ್ತ್ರೀ ಬರುತ್ತಾಳೆ. ಮೊದಲನೆಯದರಲ್ಲಿ ದೇವರು ಮಾತಿನಿಂದ ಸೃಷ್ಟಿಸುತ್ತಾನೆ, ಎರಡನೆಯದರಲ್ಲಿ ಮಣ್ಣಿನಿಂದ ರೂಪಿಸುತ್ತಾನೆ. ಹೀಬ್ರೂ ಮೂಲದಲ್ಲಿ ಮೊದಲ ಅಧ್ಯಾಯ ಎಲೋಹಿಮ್ ಎಂಬ ಹೆಸರನ್ನಷ್ಟೇ ಬಳಸಿದರೆ, ಎರಡನೆಯ ಅಧ್ಯಾಯದ ನಾಲ್ಕನೆಯ ವಚನದಿಂದ ಯಾಹ್ವೆ ಎಂಬ ಹೆಸರೂ ಅದರ ಜೊತೆ ಸೇರುತ್ತದೆ. ಇವನ್ನು ವಚನದ ಸಂಖ್ಯೆಯೊಂದಿಗೆ ತೋರಿಸಿ, ಈ ವ್ಯತ್ಯಾಸದಿಂದ ಏನು ತಿಳಿಯುತ್ತದೆ ಎಂದು ವಾದಿಸುವುದು ಉತ್ತರ. ನಂಬಿಕೆಯುಳ್ಳವರೂ ಇಲ್ಲದವರೂ ಇದನ್ನು ಸಮಾನವಾಗಿ ಮಾಡಬಲ್ಲರು.

ಓದುವ ಕ್ರಮ ಹೀಗಿರಲಿ. ನಿಗದಿಯಾದ ಭಾಗವನ್ನು ಮೊದಲು ಕನ್ನಡದ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲ್‌ನಲ್ಲಿ, ಓದಿ ಕಥೆಯನ್ನು ಮನಸ್ಸಿಗೆ ತಂದುಕೊಳ್ಳಿ; ಆಮೇಲೆ ಪ್ರಾಧ್ಯಾಪಕರು ಸೂಚಿಸಿದ ಇಂಗ್ಲಿಷ್ ಅನುವಾದದಲ್ಲಿ ಪೆನ್ಸಿಲ್ ಹಿಡಿದು ಓದಿ. ಉಲ್ಲೇಖಿಸುವಾಗ ಪುಟಸಂಖ್ಯೆಯ ಬದಲು ಪುಸ್ತಕ, ಅಧ್ಯಾಯ, ವಚನಗಳನ್ನು ಕೊಡಬೇಕು ಮತ್ತು ಯಾವ ಅನುವಾದವೆಂದು ಹೇಳಬೇಕು. ಕ್ಯಾಥೊಲಿಕ್ ಬೈಬಲ್‌ನಲ್ಲಿ 73 ಪುಸ್ತಕಗಳಿವೆ, ಪ್ರೊಟೆಸ್ಟೆಂಟ್ ಬೈಬಲ್‌ನಲ್ಲಿ 66. ಮಕಬಿಯರ ಪುಸ್ತಕದ ಪಾಠವಿರುವ ದಿನ ಈ 66 ಪುಸ್ತಕಗಳ ಆವೃತ್ತಿಯನ್ನು ಒಯ್ದರೆ ಆ ಪುಸ್ತಕವೇ ಅದರಲ್ಲಿರುವುದಿಲ್ಲ. ವ್ಯಾಖ್ಯಾನ ಗ್ರಂಥಗಳನ್ನು ಆರಿಸಿಕೊಳ್ಳಲು ಗ್ರಂಥಪಾಲಕರ ನೆರವು ಕೇಳಿ. ಅಂತರ್ಜಾಲದಲ್ಲಿ ಸಿಗುವ ಪ್ರವಚನಗಳಿಗೂ ವಿದ್ವತ್ತಿನ ವ್ಯಾಖ್ಯಾನಕ್ಕೂ ಇರುವ ಅಂತರವನ್ನು ಅವರು ಹತ್ತು ನಿಮಿಷಗಳಲ್ಲಿ ತೋರಿಸಿಕೊಡುತ್ತಾರೆ.

ಈ ರೀತಿಯ ಓದು ಕೆಲವರ ನಂಬಿಕೆಯನ್ನು ಅಲುಗಿಸುತ್ತದೆ ಎಂಬುದೂ ನಿಜ. ತರಗತಿಯಲ್ಲಿ ಕೇಳಿದ ಮಾತು ರಾತ್ರಿ ನಿದ್ದೆ ಕೆಡಿಸಿದರೆ ತರಗತಿಗೆ ಹೋಗುವುದನ್ನು ನಿಲ್ಲಿಸಬೇಡಿ. ಪ್ರಾಧ್ಯಾಪಕರೊಂದಿಗೆ ಅಥವಾ ಚಾಪ್ಲಿನ್ ಜೊತೆ ಮಾತಾಡಿ. ಈ ಪ್ರಶ್ನೆಯನ್ನು ಹೊತ್ತು ಬಂದ ವಿದ್ಯಾರ್ಥಿಗಳನ್ನು ಅವರು ಪ್ರತಿ ವರ್ಷವೂ ಕಂಡಿರುತ್ತಾರೆ.

ಬರವಣಿಗೆ ಕೇಂದ್ರ

ಇಲ್ಲಿಗೆ ಪ್ರಬಂಧ ಮುಗಿದ ಮೇಲೆ ವ್ಯಾಕರಣ ತಿದ್ದಿಸಿಕೊಳ್ಳಲು ಹೋಗುವವರೇ ಹೆಚ್ಚು, ಆದರೆ ಹೆಚ್ಚಿನ ಕೇಂದ್ರಗಳು ತಿದ್ದಿಕೊಡುವುದಿಲ್ಲ; ನಿಮ್ಮೊಂದಿಗೆ ಕುಳಿತು ನೀವೇ ತಿದ್ದುವಂತೆ ಮಾಡುತ್ತವೆ. ಹಾಗಾಗಿ ಒಪ್ಪಿಸುವ ದಿನಕ್ಕೆ ಒಂದು ವಾರ ಮುಂಚೆ, ಪ್ರಶ್ನೆಯ ಹಾಳೆ ಮತ್ತು ಅರ್ಧ ಪುಟದ ರೂಪರೇಖೆಯೊಂದಿಗೆ ಹೋಗಿ. ಮೂಲವನ್ನು ಹೆಸರಿಸದೆ ಬೇರೆಯವರ ವಾಕ್ಯಗಳನ್ನು ಬಳಸುವುದನ್ನು ಕ್ರೈಸ್ತ ವಿಶ್ವವಿದ್ಯಾಲಯಗಳು ಅಂಕ ಕಡಿತದ ವಿಷಯವಾಗಿ ಮಾತ್ರವಲ್ಲ, ಸತ್ಯದ ವಿಷಯವಾಗಿಯೂ ನೋಡುತ್ತವೆ. ಉಲ್ಲೇಖದ ನಿಯಮ ಗೊತ್ತಿರಲಿಲ್ಲ ಎಂಬ ಉತ್ತರವನ್ನು ಅಲ್ಲಿ ಒಪ್ಪುವುದು ಕಷ್ಟ. ಅನುಮಾನವಿದ್ದ ಕಡೆಯೆಲ್ಲ ಬರವಣಿಗೆ ಕೇಂದ್ರದಲ್ಲಿಯೇ ಕೇಳಿಕೊಳ್ಳಿ.

ವಿಶೇಷ ಸೌಲಭ್ಯ ಬೇಕಾದವರು

ಡಿಸ್ಲೆಕ್ಸಿಯಾ (ಓದು ಬರಹದ ತೊಡಕು), ಎಡಿಎಚ್‌ಡಿ (ಗಮನ ನಿಲ್ಲಿಸಲಾಗದ ತೊಂದರೆ), ದೃಷ್ಟಿ ಅಥವಾ ಶ್ರವಣದ ತೊಂದರೆ, ಮಧುಮೇಹದಂಥ ದೀರ್ಘಕಾಲದ ಕಾಯಿಲೆ, ತೀವ್ರ ಆತಂಕ ಇವು ಇದ್ದವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಪ್ರತ್ಯೇಕ ಕೊಠಡಿ, ಟಿಪ್ಪಣಿ ಬರೆದುಕೊಡುವವರು ಮೊದಲಾದ ಅನುಕೂಲಗಳು ಸಿಗಬಹುದು. ಕಾನೂನಿನ ನೆಲೆಯನ್ನು ತಿಳಿದಿರುವುದು ಇಲ್ಲಿ ಮುಖ್ಯ. 1990ರ ಅಮೆರಿಕನ್ಸ್ ವಿತ್ ಡಿಸಬಿಲಿಟೀಸ್ ಕಾಯ್ದೆಯ ಮೂರನೆಯ ಅಧ್ಯಾಯ ಧಾರ್ಮಿಕ ಸಂಸ್ಥೆಗಳ ನಿಯಂತ್ರಣದಲ್ಲಿರುವ ವಿಶ್ವವಿದ್ಯಾಲಯಗಳಿಗೆ ವಿನಾಯಿತಿ ಕೊಡುತ್ತದೆ. ಆದರೆ 1973ರ ಪುನರ್ವಸತಿ ಕಾಯ್ದೆಯ 504ನೆಯ ಸೆಕ್ಷನ್, ಫೆಡರಲ್ ಸರ್ಕಾರದ ನೆರವು ಪಡೆಯುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ, ಮತ್ತು ಬಹುಪಾಲು ಕ್ರೈಸ್ತ ವಿಶ್ವವಿದ್ಯಾಲಯಗಳು ಆ ನೆರವು ಪಡೆಯುತ್ತವೆ. ಪೆನ್ಸಿಲ್ವೇನಿಯಾದ ಗ್ರೋವ್ ಸಿಟಿ ಕಾಲೇಜಿನಂತೆ ಫೆಡರಲ್ ಹಣವನ್ನೇ ಬೇಡವೆಂದ ಸಂಸ್ಥೆಗಳೂ ಇವೆ. ಅಂಥ ಕಡೆ ಸೇರುವ ಮುಂಚೆಯೇ ಅಲ್ಲಿ ಯಾವ ಅನುಕೂಲ ಸಿಗುತ್ತದೆ ಎಂಬುದನ್ನು ಲಿಖಿತವಾಗಿ ಕೇಳಿಕೊಳ್ಳಿ.

ಶಾಲೆಯಲ್ಲಿ ಈ ಸೌಲಭ್ಯ ಇತ್ತು ಎಂಬುದರಿಂದ ವಿಶ್ವವಿದ್ಯಾಲಯದಲ್ಲಿ ತಾನಾಗಿ ಬರುವುದಿಲ್ಲ. ವಿದ್ಯಾರ್ಥಿಯೇ ಸೇವಾ ಕಚೇರಿಗೆ ಹೋಗಿ, ವೈದ್ಯಕೀಯ ದಾಖಲೆ ಕೊಟ್ಟು, ಅವರು ಕೊಡುವ ಪತ್ರವನ್ನು ಪ್ರತಿ ಪ್ರಾಧ್ಯಾಪಕರಿಗೂ ತಲುಪಿಸಬೇಕು. ಈ ಪತ್ರ ಸಾಮಾನ್ಯವಾಗಿ ಕೊಟ್ಟ ದಿನದಿಂದ ಮುಂದಕ್ಕೆ ಮಾತ್ರ ಅನ್ವಯಿಸುತ್ತದೆ. ಮುಗಿದುಹೋದ ಪರೀಕ್ಷೆಗೆ ಆಗುವುದಿಲ್ಲ. ಪತ್ರದಲ್ಲಿ ಕಾಯಿಲೆಯ ಹೆಸರಿರಬೇಕಾದ ಅಗತ್ಯವಿಲ್ಲ, ಬೇಕಾದ ಅನುಕೂಲಗಳಷ್ಟೇ ಸಾಕು.

ಮಿಡ್‌ಟರ್ಮ್ ಅಂಕಗಳು ಬಂದ ಮೇಲೆ

ಸೆಮಿಸ್ಟರ್‌ನ ನಡುವೆ ಬರುವ ಈ ಅಂಕಗಳು ಶಾಶ್ವತ ದಾಖಲೆಯಲ್ಲಿ ಸೇರುವುದಿಲ್ಲ, ಆದರೆ ಅವೇ ಕೊನೆಯ ಸ್ಪಷ್ಟ ಎಚ್ಚರಿಕೆ. ಅನೇಕ ಕಡೆ ಹಿಂದೆ ಬಿದ್ದವರ ಹೆಸರು ಪ್ರಾಧ್ಯಾಪಕರಿಂದ ಸಲಹೆಗಾರರಿಗೆ ಹೋಗುತ್ತದೆ, ಅವರು ನಿಮಗೆ ಇಮೇಲ್ ಮಾಡುತ್ತಾರೆ. ಅದನ್ನು ಬೈಗುಳವೆಂದು ತಿಳಿದು ತೆರೆಯದೆ ಬಿಡುವವರಿದ್ದಾರೆ. ಅದೇ ದಿನ ಉತ್ತರಿಸಿ, ಭೇಟಿಗೆ ಸಮಯ ಗೊತ್ತುಮಾಡಿಕೊಳ್ಳಿ.

ಆ ಭೇಟಿಯಲ್ಲಿ ಲೆಕ್ಕ ಹಾಕಬೇಕಾದದ್ದು ಹೀಗೆ. ತಲಾ 3 ಕ್ರೆಡಿಟ್‌ನ ಐದು ಕೋರ್ಸ್‌ಗಳಲ್ಲಿ ನಾಲ್ಕರಲ್ಲಿ ಬಿ ಶ್ರೇಣಿ, ಅಂದರೆ 3.0, ಬಂದು ಐದನೆಯದರಲ್ಲಿ ಎಫ್, ಅಂದರೆ ಅನುತ್ತೀರ್ಣವಾಗಿ ಸೊನ್ನೆ, ಬಂದರೆ 12 ಕ್ರೆಡಿಟ್‌ಗಳನ್ನು 3ರಿಂದ ಗುಣಿಸಿ ಬರುವ 36 ಅಂಶಗಳನ್ನು 15ರಿಂದ ಭಾಗಿಸಬೇಕು, ಜಿಪಿಎ 2.4 ಆಗುತ್ತದೆ. ಅದೇ ಕೋರ್ಸನ್ನು ಗಡುವಿನೊಳಗೆ ಅಧಿಕೃತವಾಗಿ ಹಿಂತೆಗೆದುಕೊಂಡರೆ ಅಂಕಪಟ್ಟಿಯಲ್ಲಿ ಡಬ್ಲ್ಯೂ ಎಂದು ಬರುತ್ತದೆ, ಅದು ಲೆಕ್ಕಕ್ಕೆ ಸೇರುವುದಿಲ್ಲ, ಜಿಪಿಎ 3.0ರಲ್ಲಿಯೇ ಉಳಿಯುತ್ತದೆ. 3.0 ಜಿಪಿಎ ಬಯಸುವ ವಿದ್ಯಾರ್ಥಿವೇತನವಿದ್ದರೆ ಈ ಒಂದು ನಿರ್ಧಾರದ ಮೇಲೆ ಅದು ನಿಂತಿದೆ. ಹಾಗೆಂದು ಕಷ್ಟವಾದ ಕೂಡಲೇ ಕೋರ್ಸ್ ಬಿಡುವುದು ಸರಿಯಲ್ಲ: ಉಳಿದ ಕ್ರೆಡಿಟ್ 12ಕ್ಕಿಂತ ಕೆಳಗೆ ಇಳಿಯಬಾರದು, ಮುಂದೆ ಆ ಕೋರ್ಸ್ ಯಾವಾಗ ಮತ್ತೆ ಸಿಗುತ್ತದೆ ಎಂದು ತಿಳಿದಿರಬೇಕು, ಶುಲ್ಕ ವಾಪಸು ಬರುವುದಿಲ್ಲವೆಂಬುದನ್ನೂ ಒಪ್ಪಿಕೊಂಡಿರಬೇಕು. ಹೇಳದೆ ಕೇಳದೆ ತರಗತಿಗೆ ಹೋಗುವುದನ್ನು ನಿಲ್ಲಿಸುವುದು ಮಾತ್ರ ಎಲ್ಲಕ್ಕಿಂತ ಕೆಟ್ಟ ದಾರಿ, ಏಕೆಂದರೆ ಅದರ ಕೊನೆ ಎಫ್.

ಚಾಪ್ಲಿನ್, ಆಪ್ತಸಮಾಲೋಚಕರು ಮತ್ತು ಮನೆಯವರು

ಓದಿನ ತೊಂದರೆಗೆ ಮನೆಯ ನೆನಪು, ರೂಮ್‌ಮೇಟ್ ಜೊತೆಗಿನ ಜಗಳ, ಸಾವಿನ ಸುದ್ದಿ ಕಾರಣವಾಗಿದ್ದರೆ ಟ್ಯೂಟರ್ ಏನೂ ಮಾಡಲಾರರು. ಚಾಪ್ಲಿನ್ ಯಾವ ಧರ್ಮದ ವಿದ್ಯಾರ್ಥಿಯೊಂದಿಗೂ ಮಾತಾಡುತ್ತಾರೆ, ಬೇಕೆಂದರೆ ಪ್ರಾರ್ಥಿಸುತ್ತಾರೆ. ನಿದ್ದೆ, ಊಟ ವಾರಗಟ್ಟಲೆ ಕೆಟ್ಟಿದ್ದರೆ ಪರವಾನಗಿ ಪಡೆದ ಆಪ್ತಸಮಾಲೋಚಕರ ಬಳಿಗೆ ಹೋಗಬೇಕು. ಪ್ರಾರ್ಥನೆ ಮಾಡುತ್ತಿರುವೆನಲ್ಲ, ಚಿಕಿತ್ಸೆ ಏಕೆ ಎಂದು ಹಿಂಜರಿಯುವವರಿಗೆ ಹೇಳಬೇಕಾದದ್ದು ಇಷ್ಟೇ: ಒಂದು ಇನ್ನೊಂದಕ್ಕೆ ಬದಲಿಯಲ್ಲ, ಮತ್ತು ಒಳ್ಳೆಯ ಚಾಪ್ಲಿನ್ ತಾವೇ ನಿಮ್ಮನ್ನು ಸಮಾಲೋಚಕರ ಬಳಿಗೆ ಕಳಿಸುತ್ತಾರೆ.

ಹೆತ್ತವರು ಒಂದು ವಿಷಯವನ್ನು ತಿಳಿದಿರಬೇಕು. ವಿದ್ಯಾರ್ಥಿಗಳ ದಾಖಲೆಗಳ ಗೌಪ್ಯತೆಯ ಬಗ್ಗೆ 1974ರಲ್ಲಿ ಬಂದ ಫರ್ಪಾ ಎಂಬ ಕಾಯ್ದೆಯ ಪ್ರಕಾರ, ವಿಶ್ವವಿದ್ಯಾಲಯ ಸೇರಿದ ಮೇಲೆ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದು. ಅವರ ಲಿಖಿತ ಒಪ್ಪಿಗೆಯಿಲ್ಲದಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಶುಲ್ಕ ಕಟ್ಟುವ ತಂದೆತಾಯಿಗೂ ಅಂಕಗಳನ್ನು ಹೇಳುವುದಿಲ್ಲ. ಹಾಗಾಗಿ ಕಚೇರಿಗೆ ಫೋನ್ ಮಾಡುವುದಕ್ಕಿಂತ ಮಗಳನ್ನೋ ಮಗನನ್ನೋ ಕೇಳುವುದೇ ಸರಿಯಾದ ದಾರಿ. ‘ಎಷ್ಟು ಅಂಕ ಬಂತು’ ಎನ್ನುವ ಬದಲು ‘ಈ ವಾರ ಯಾರನ್ನು ಭೇಟಿಯಾದೆ’ ಎಂದು ಕೇಳಿದರೆ ಉತ್ತರ ಬೇಗ ಬರುತ್ತದೆ.

ಸೆಮಿಸ್ಟರ್ ಕೆಟ್ಟರೆ

ಜಿಪಿಎ 2.0ಕ್ಕಿಂತ ಕೆಳಗೆ ಇಳಿದವರನ್ನು ಸಾಮಾನ್ಯವಾಗಿ ಅಕಾಡೆಮಿಕ್ ಪ್ರೊಬೇಷನ್‌ನಲ್ಲಿ ಇರಿಸುತ್ತಾರೆ. ಅದು ಹೊರಹಾಕುವುದಲ್ಲ, ಕಡಿಮೆ ಕ್ರೆಡಿಟ್, ಸಲಹೆಗಾರರ ನಿಯಮಿತ ಭೇಟಿ, ಅಧ್ಯಯನ ಕೌಶಲದ ಕೋರ್ಸ್ ಮುಂತಾದ ಷರತ್ತುಗಳೊಂದಿಗೆ ಇನ್ನೊಂದು ಸೆಮಿಸ್ಟರ್ ಕೊಡುವುದು. ಹಣಕಾಸಿನ ನೆರವು ನಿಂತಿದ್ದರೆ ಮೇಲ್ಮನವಿ ಸಲ್ಲಿಸಲು ಅವಕಾಶವಿರುತ್ತದೆ. ಆ ಪತ್ರದಲ್ಲಿ ಏನಾಯಿತು ಎಂಬುದಕ್ಕೆ ಒಂದು ಪರಿಚ್ಛೇದ ಸಾಕು, ಜೊತೆಗೆ ಆಸ್ಪತ್ರೆಯ ಚೀಟಿಯಂಥ ಪುರಾವೆ ಇರಲಿ. ಉಳಿದ ಜಾಗವನ್ನು ಮುಂದಿನ ಸೆಮಿಸ್ಟರ್‌ನಲ್ಲಿ ಏನು ಬದಲಾಗುತ್ತದೆ ಎಂಬುದಕ್ಕೆ ಕೊಡಿ: ಯಾವ ಕೋರ್ಸ್‌ಗಳು, ಯಾವ ದಿನ ಟ್ಯೂಟರಿಂಗ್, ಯಾರು ಸಲಹೆಗಾರರು, ಕೆಲಸದ ಗಂಟೆಗಳನ್ನು ಎಷ್ಟಕ್ಕೆ ಇಳಿಸಿದ್ದೀರಿ. ‘ಇನ್ನು ಮುಂದೆ ಕಷ್ಟಪಟ್ಟು ಓದುತ್ತೇನೆ’ ಎಂಬ ವಾಕ್ಯ ಸಮಿತಿಯವರ ಮುಂದೆ ಬರುವ ಪತ್ರಗಳಲ್ಲೆಲ್ಲ ಇರುತ್ತದೆ. ಮಂಗಳವಾರ ಮತ್ತು ಗುರುವಾರ ನಾಲ್ಕು ಗಂಟೆಗೆ ರಸಾಯನಶಾಸ್ತ್ರದ ಟ್ಯೂಟರ್ ಅನ್ನು ಈಗಾಗಲೇ ಗೊತ್ತುಮಾಡಿಕೊಂಡಿದ್ದೇನೆ ಎಂಬ ವಾಕ್ಯ ಅವರಿಗೆ ತೀರ್ಮಾನಿಸಲು ಆಧಾರ ಕೊಡುತ್ತದೆ. ಪತ್ರವನ್ನು ಕಳಿಸುವ ಮುನ್ನ ಸಲಹೆಗಾರರಿಗೆ ತೋರಿಸಿ, ಗಡುವಿಗೆ ಎರಡು ದಿನ ಮೊದಲೇ ಸಲ್ಲಿಸಿ.